ಒಗ್ಗರಣೆ ಹಾಕಬಾರದ ವಾರ

ಮೊನ್ನೆ ಸೂಳಗಿರಿಯಲ್ಲಿ ಅಮ್ಮನ ಜೊತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ನಮ್ಮ ಹಿತ್ತಲಿನಾಚೆಯ ಬಾಡಿಗೆ ಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ಘಮ ತೇಲಿಬಂತು. ನನಗೆ ಬಾಯಲ್ಲಿ ನೀರೂರಿತು. ಅಮ್ಮನ ಕೈ ಅಲ್ಲೇ ನಿಂತಿತು. ಸೆರಗು ಸಿಕ್ಕಿಸಿಕೊಂಡು ಹಿಂದಕ್ಕೆ ಹೋದಳು.

ನಿಮ್ಮೂರಲ್ಲಿ ಈ ಕಟ್ಟು ಇದೆಯೋ ಇಲ್ಲವೋ, ಹೇಳಿಬಿಡುತ್ತೇನೆ. ಮಾರಮ್ಮನ ಹಬ್ಬ ಸಾರಿದ ದಿನದಿಂದ ಹಬ್ಬ ಮುಗಿಯುವ ತನಕ ಇಲ್ಲಿ ಯಾರೂ ಒಗ್ಗರಣೆ ಹಾಕಬಾರದು. ಎಣ್ಣೆ ಚುರ್ ಎಂದರೆ ತಾಯಿಯ ಮೈ ಸುಡುತ್ತದಂತೆ. ಇದಕ್ಕೆ ಪೊಲೀಸರಿಲ್ಲ, ದಂಡವಿಲ್ಲ. ಊರ ತುಂಬ ಮೂಗುಗಳಿವೆ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಅಪ್ಪನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸವಾಗಿ, ಹಾಸನದ ಕಡೆಯಿಂದ ನಾವು ಇಲ್ಲಿಗೆ ಬಂದ ಹೊಸತು. ಒಗ್ಗರಣೆಯಿಲ್ಲದ ಸಾರು ದನಕ್ಕೆ ಎನ್ನುವ ವಂಶ ನಮ್ಮದು. ಆ ವಾರ ಅಮ್ಮ ಹುರುಳಿ ಸಾರಿಗೆ ಧಾರಾಳವಾಗಿ ಒಗ್ಗರಣೆ ಕೊಟ್ಟಳು. ಯಾರೂ ಬಂದು ಬೈಯಲಿಲ್ಲ. ಬೈದಿದ್ದರೆ ತಪ್ಪಾಯಿತು ಎಂದು ಮುಗಿಸಬಹುದಿತ್ತು.

ಹಬ್ಬದ ದಿನ ಅಮ್ಮ ತಂಬಿಟ್ಟಿನ ಆರತಿ ಹೊತ್ತು ಹೆಂಗಸರ ಸಾಲಿಗೆ ಸೇರಿದಳು. ನಮ್ಮ ಮನೆ ಓನರ್ ಮುನಿಯಮ್ಮನವರು ತಿರುಗಿ ನೋಡಿ ಮೆಲ್ಲಗೆ ಹೇಳಿದರು: "ನೀನು ಹಿಂದ್ಕೆ ನಿಂತ್ಕಳಮ್ಮ. ಒಗ್ಗರಣೆ ಆಕಿದ್ ಕೈ. ಎಲ್ರುದೂ ಆಗ್ಲಿ, ಆಮ್ಯಾಕೆ ನೋಡಾನ."

ಎಲ್ಲರದೂ ಆಯಿತು. ಪೂಜಾರಿ ಗುಡಿಯ ಬಾಗಿಲು ಹಾಕಿದ. ಅಮ್ಮನ ದೀಪ ತಲೆಯ ಮೇಲೇ ಆರಿತು. ಆ ತಂಬಿಟ್ಟನ್ನು ಮನೆಗೆ ತಂದು ನಾವೇ ತಿಂದೆವು, ಅಮ್ಮ ಮುಟ್ಟಲಿಲ್ಲ. ಆಮೇಲೆ ಬಹಳ ದಿನ ಶಾಲೆಯಲ್ಲಿ ಮಕ್ಕಳು ನನ್ನನ್ನು ಕಂಡರೆ ಸಾಕು, "ಚುರ್ರ್" ಎನ್ನುತ್ತಿದ್ದರು. ನನಗೆ ಸಿಟ್ಟು ಬಂದದ್ದು ಅಮ್ಮನ ಮೇಲೆ. ಊರಿನ ಮೇಲೆ ಸಿಟ್ಟಾಗಬಹುದೆಂದು ತಲೆಗೇ ಹೊಳೆಯಲಿಲ್ಲ.

ಅಮ್ಮ ಹಿತ್ತಲಿನಿಂದ ಬಂದು ಮತ್ತೆ ಹುಣಸೆಹಣ್ಣಿಗೆ ಕೈಹಾಕಿದಳು. ಅವಳ ಮಾತೂ ಈಗ ಈ ಊರಿನದೇ.

"ರಾಯಚೂರ್ ಕಡೇ ಹುಡ್ಗಿ, ಪಾಪ, ಗೊತ್ತಿಲ್ಲ. ಇನ್ನೊಂದ್ ಸಲ ಆಕಿದ್ರೆ ಆರತಿ ಸಾಲ್ನಾಗೆ ನಿಲ್ಸಲ್ಲ ಅಂತ ಯೋಳ್ಬುಟ್ ಬಂದೆ."

"ಅಮ್ಮಾ, ಆವತ್ತು ನಿನ್ನನ್ನ..."

"ಅದ್ಕೇ ಕಣೇ. ನಂಗೆ ಮೊದ್ಲೇ ಯಾರಾನ ಯೋಳಿದ್ರೆ ಅಂಗೆ ಹಿಂದ್ಕೆ ನಿಂತ್ಕಬೇಕಿತ್ತಾ? ಈ ಸಲ ಮೊದಲ್ನೇ ಆರತಿ ನಂದೇ, ಗೊತ್ತಾ!"

ಹಿಂದಿನ ಮನೆಯಲ್ಲಿ ಆ ಹುಡುಗಿ ಬಾಣಲೆಗೆ ನೀರು ಸುರಿದ ಸದ್ದು ಕೇಳಿಸಿತು. ಎದ್ದು ಹೋಗಿ ಅವಳ ಪಕ್ಕ ನಿಲ್ಲಬೇಕಾದವಳು ನಾನು, ಅಲ್ಲವೇ? ನಾನು ಏಳಲಿಲ್ಲ. ಅಮ್ಮ ಕೊನೆಗೂ ಮುಂದಿನ ಸಾಲಿಗೆ ಬಂದಳಲ್ಲ ಎಂದು ನನ್ನ ಎದೆ ಉಬ್ಬಿತ್ತು. ಅಂದು ಗುಡಿಯ ಬಾಗಿಲು ಹಾಕಿದಾಗಲೂ ನನಗೆ ಇಷ್ಟು ನಾಚಿಕೆಯಾಗಿರಲಿಲ್ಲ.