ಅಕ್ಕನ ಬೆಳಕು, ಭಾವನ ತಂತಿ

ನಮ್ಮಕ್ಕನಿಗೆ ಅನುಮಾನ ಹುಟ್ಟುಗುಣ. ಅಂಗಡಿಯವನು ನಕ್ಕರೆ ತೂಕದಲ್ಲಿ ಏನೋ ಮಾಡಿದ್ದಾನೆ; ನಗದಿದ್ದರೆ ಖಂಡಿತ ಮಾಡಿದ್ದಾನೆ. ಬಾಗಿಲಿಗೆ ಬೀಗ ಹಾಕಿ ಎಳೆದು ನೋಡುತ್ತಾಳೆ, ಮೆಟ್ಟಿಲಿಳಿದವಳು ಮತ್ತೆ ಹತ್ತಿ ಎಳೆಯುತ್ತಾಳೆ. ಹೀಗೆ ಎಳೆದೆಳೆದೇ ಒಮ್ಮೆ ಚಿಲಕ ಕಿತ್ತುಬಂತು. "ನೋಡಿದ್ಯಾ, ಗಟ್ಟಿ ಇಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದು ನನ್ನನ್ನೇ ದಬಾಯಿಸಿದಳು. ತಂಗಿಯಾಗಿ ಹುಟ್ಟಿದ ತಪ್ಪಿಗೆ ಇದನ್ನೆಲ್ಲ ಕೇಳಿಸಿಕೊಂಡಿದ್ದೇನೆ.

ಅವಳಿಗೆ ಸಿಕ್ಕ ಕೆಲಸವೂ ಅಂಥದ್ದೇ, ಕಾರ್ಖಾನೆಯಲ್ಲಿ ಚಿಪ್‌ಗಳ ಪರೀಕ್ಷೆ. ಗಾಜಿನ ಎಳೆಯೊಳಗೆ ಸುದ್ದಿ ಹೊತ್ತು ಓಡುವ ಬೆಳಕನ್ನು ಬಿಡುವುದು, ತಡೆಯುವುದು ಆ ಚಿಪ್‌ಗಳ ಕೆಲಸ. ಎಳ್ಳಿಗಿಂತ ಚಿಕ್ಕ ಅರೆವಾಹಕದ ಚೂರು. ವೋಲ್ಟೇಜ್ ಕೊಡದಿದ್ದರೆ ಬೆಳಕು ಅದರೊಳಗಿಂದ ಸಲೀಸಾಗಿ ದಾಟಿಹೋಗುತ್ತದೆ. ವೋಲ್ಟೇಜ್ ಕೊಟ್ಟರೆ ಒಳಗಿನ ವಿದ್ಯುತ್ ಕ್ಷೇತ್ರ ಬಲವಾಗಿ, ಅದೇ ಚೂರು ಅದೇ ಬೆಳಕನ್ನು ನುಂಗಿಬಿಡುತ್ತದೆ. ನುಂಗದೆ ಬೆಳಕು ಸೋರಿದರೆ ಆ ಚಿಪ್ ಕಸಕ್ಕೆ.

ಪಕ್ಕದ ಕೋಣೆಯಲ್ಲಿ ಭಾವನ ಕೆಲಸ. ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಚಿಪ್‌ಗೆ ಬೆಸೆಯುತ್ತಾರೆ. ವೋಲ್ಟೇಜ್ ಹೋಗುವುದೇ ಆ ತಂತಿಯಲ್ಲಿ. ಆ ಕುರ್ಚಿ ಅಂದರೆ ಭಾವನಿಗೆ ಪ್ರಾಣ. ಅನುಮಾನ ಅಂದರೇನೆಂದೇ ತಿಳಿಯದ ಮನುಷ್ಯ. ಇಬ್ಬರನ್ನೂ ಜೋಡಿ ಮಾಡಿದ ದೇವರಿಗೆ ತಮಾಷೆ ಇಷ್ಟವಿರಬೇಕು.

ಒಂದು ದಿನ ಊಟದ ಹೊತ್ತಲ್ಲಿ ಯಾರೋ ಅಂದರಂತೆ: "ಗಂಡ ಬೆಸೀತಾನೆ, ಹೆಂಡ್ತಿ ಪಾಸ್ ಮಾಡ್ತಾಳೆ. ಮನೆ ವ್ಯವಹಾರ ಬಿಡಿ!" ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಅಂದಿನಿಂದ ಭಾವನ ಗುರುತಿನ ಹಸಿರು ಚೀಟಿಯ ಟ್ರೇ ಬಂದಾಗ ಮಾತ್ರ ಪರೀಕ್ಷೆಯ ಬೆಳಕನ್ನು ಜಾಸ್ತಿ ಮಾಡತೊಡಗಿದಳು. ಬೆಳಕು ಹೆಚ್ಚಿದಷ್ಟೂ ಹುಳುಕು ಬಯಲಾಗುತ್ತದೆ ಅನ್ನುವುದು ಅವಳ ಲೆಕ್ಕಾಚಾರ.

ಹುಳುಕು ಬಯಲಾಯಿತು. ಭಾವನ ಚಿಪ್‌ಗಳು ವೋಲ್ಟೇಜ್ ಕೊಟ್ಟರೂ ಬೆಳಕನ್ನು ಸೋರಿಸತೊಡಗಿದವು. ತಂತಿ ಸರಿಯಾಗಿ ಕೂರದಿದ್ದರೂ ಹೀಗೇ ಆಗುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಂತಿ ನೆಟ್ಟಗೇ ಇತ್ತು. ಅಷ್ಟಕ್ಕೆ ಬಿಡುವವಳೇ? ಮೇಲೆ ಚೆನ್ನಾಗಿ ಕಾಣುವುದರ ಒಳಗೇ ಮೋಸ ಇರೋದು ಅಂದುಕೊಂಡಳು.

"ಇವ್ರ ಕಣ್ಣು ಮಂಜಾಗಿದೆ ಕಣೇ, ಮುಚ್ಚಿಡ್ತಿದ್ದಾರೆ" ಎಂದಳು ನನ್ನ ಬಳಿ. ಮಾತ್ರೆಯ ಪಟ್ಟಿಯ ಮೇಲಿನ ಚಿಕ್ಕ ಅಕ್ಷರ ಓದಿಸಿದಳು. ಭಾವ ಗಡಗಡ ಓದಿದರು. "ಮೊದಲೇ ಬಾಯಿಪಾಠ ಮಾಡ್ಕೊಂಡಿದ್ದಾರೆ!"

"ಮಾತ್ರೆ ಪಟ್ಟಿನ ಯಾರಾದ್ರೂ ಬಾಯಿಪಾಠ ಮಾಡ್ತಾರೇನೇ?" ಅಂದೆ. ಅಂದಿನಿಂದ ನನ್ನನ್ನೂ ಓರೆಗಣ್ಣಿನಲ್ಲಿ ನೋಡತೊಡಗಿದಳು.

ಟ್ರೇ ಮೇಲೆ ಟ್ರೇ ಕಸಕ್ಕೆ ಹೋಯಿತು. ಮೇಲ್ವಿಚಾರಕರು ಕರೆದು ಬೈಯುವ ಮೊದಲೇ ಭಾವ ತಾವೇ ಹೋಗಿ, "ನನ್ನ ಕೈ ಕೆಟ್ಟಿದೆ ಸರ್, ಬೇರೆ ಯಾರನ್ನಾದ್ರೂ ಕೂರಿಸಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಅವರನ್ನು ಡಬ್ಬ ಕಟ್ಟುವ ವಿಭಾಗಕ್ಕೆ ಹಾಕಿದರು.

ಅವರು ಕೊನೆಯದಾಗಿ ಬೆಸೆದಿಟ್ಟ ಟ್ರೇಯನ್ನು ಕಸಕ್ಕೆ ಹಾಕಿದ ದಿನ, ಅಕ್ಕ ಬೆಳಕನ್ನು ಇಳಿಸಲು ಮರೆತಳು. ಮುಂದಿನದು ಹಳದಿ ಚೀಟಿಯ ಟ್ರೇ, ಬೇರೆಯವರದು. ಅದೂ ಸೋರಿತು. ಇವನೂ ಕಳ್ಳ ಅಂದುಕೊಂಡಳು. ಅದರ ಮುಂದಿನದೂ ಸೋರಿತು. ಎಲ್ಲರ ಕಣ್ಣೂ ಒಟ್ಟಿಗೇ ಹೋಯಿತೇ? ಆಗ ಜೀವಮಾನದಲ್ಲೇ ಮೊದಲ ಸಲ ಅವಳಿಗೆ ತನ್ನ ಮೇಲೆ ಅನುಮಾನ ಬಂತು. ಬೆಳಕು ಇಳಿಸಿದಳು. ಅವೇ ಚಿಪ್‌ಗಳು ಬೆಳಕನ್ನು ಗಟಗಟ ನುಂಗಿದವು. ಕಸದ ಡಬ್ಬಿಯಿಂದ ಭಾವನ ಚಿಪ್‌ಗಳನ್ನು ಹೆಕ್ಕಿ ತಂದು ಇಟ್ಟಳು. ಅವೂ ನುಂಗಿದವು.

ಆಗಿದ್ದಿಷ್ಟು. ಚಿಪ್ ಬೆಳಕನ್ನು ನುಂಗಿದಾಗಲೆಲ್ಲ ಒಳಗೆ ವಿದ್ಯುತ್ ಕಣಗಳು ಬಿಡುಗಡೆಯಾಗುತ್ತವೆ. ಬೆಳಕು ಹದವಾಗಿದ್ದರೆ ಅವು ಹೊರಗೆ ಹರಿದುಹೋಗುತ್ತವೆ. ಮಿತಿಮೀರಿದರೆ ಒಳಗೇ ಕಿಕ್ಕಿರಿದು, ವೋಲ್ಟೇಜಿನಿಂದ ಬಲವಾದ ಕ್ಷೇತ್ರವನ್ನೇ ಕುಗ್ಗಿಸುತ್ತವೆ. ಕ್ಷೇತ್ರ ಕುಗ್ಗಿದರೆ ನುಂಗುವ ಶಕ್ತಿಯೂ ಇಳಿಯುತ್ತದೆ. ತಪ್ಪು ಹುಡುಕಲು ಹಾಕಿದ ಬೆಳಕೇ ತಪ್ಪನ್ನು ಮಾಡಿಟ್ಟಿತ್ತು.

ಅಕ್ಕ ಎಲ್ಲರೆದುರು ಮೇಲ್ವಿಚಾರಕರಿಗೆ ನಡೆದದ್ದು ಹೇಳಿ ಗಳಗಳ ಅತ್ತಳಂತೆ. ಭಾವನಿಗೆ ಕುರ್ಚಿ ವಾಪಸ್ ಸಿಕ್ಕಿತು.

"ನನ್ನ ಮೇಲೆ ಒಂದ್ಸಲನಾದ್ರೂ ಅನುಮಾನ ಬರ್ಲಿಲ್ವೇನ್ರೀ?" ಎಂದು ಕೇಳಿದಳು.

"ನೋಡಿ ಹೇಳಿದ್ದು ನೀನಲ್ವಾ? ನೀನು ಹೇಳಿದ್ಮೇಲೆ ಇನ್ನೇನು" ಅಂದರು ಭಾವ. ನನಗೆ ಅಕ್ಕನ ಮೇಲೆ ಆಗ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಈಗ ಭಾವ ಒಂದು ತಂತಿ ಬೆಸೆದರೆ ತಲೆಯೆತ್ತುತ್ತಾರೆ. "ಸ್ವಲ್ಪ ನೋಡ್ತೀರಾ, ಕೂತಿದೆಯಾ?" ಎಂದು ಪಕ್ಕದವರನ್ನು ಕೇಳುತ್ತಾರೆ. ಅವರು ಹೂಂ ಅಂದರೂ ನಂಬಿಕೆಯಿಲ್ಲ. ಅಕ್ಕ ತನ್ನ ಮೇಜು ಬಿಟ್ಟು ಓಡಿಬಂದು, ಬಗ್ಗಿ ನೋಡಿ, "ಚೆನ್ನಾಗಿದೆ ರೀ, ನಾನು ಹೇಳ್ತೀನಲ್ಲ" ಅನ್ನುತ್ತಾಳೆ.

ಭಾವ ಅವಳ ಮುಖವನ್ನೇ ನೋಡುತ್ತಾರೆ. "ನಿಜವಾಗ್ಲೂ ನೋಡಿದ್ಯಾ?"