ಹೆದ್ದಾರಿ ಬದಿಯ ತಗಡಿನ ಕುರಿಗಳು

ಹೊತ್ತು ಮೂಡುವ ಮೊದಲೇ ಶಿರಾ ಹೊರವಲಯದ ಲಾರಿ ಬಾಡಿ ಕಟ್ಟುವ ಶೆಡ್ಡಿನಲ್ಲಿ ಗ್ರೈಂಡರ್ ಸದ್ದು ಶುರುವಾಗುತ್ತದೆ. ಸೀರೆಯ ಮೇಲೆ ಗಂಡನ ಹಳೇ ಅಂಗಿ ತೊಟ್ಟ ಮಂಗಳಗೌರಿ ಕುರಿಯೊಂದರ ಕಿವಿಯ ಚೂಪು ಸವೆಸುತ್ತಿದ್ದಾರೆ. ಕುರಿ ತಗಡಿನದು. ಮೈಯೆಲ್ಲ ಚಪ್ಪಟೆ ತುಂಡುಗಳು. ಒಂದು ಹಳದಿ, ಪಕ್ಕದ್ದು ನೀಲಿ, ಹೊಟ್ಟೆ ಇಟ್ಟಿಗೆ ಕೆಂಪು. ಮುಖ ಪಕ್ಕಕ್ಕೆ ತಿರುಗಿದೆ, ಆದರೂ ಎರಡು ಕಣ್ಣೂ ಕಾಣುತ್ತವೆ.

ಗೊರವನಹಳ್ಳಿ ರಸ್ತೆಯ ಹೊಸ ಹೋಟೆಲ್ಲಿನ ಅಂಗಳಕ್ಕೆ ಹೋಗಬೇಕಾದ ಕುರಿ ಇದು. ಬೆಳಿಗ್ಗೆಯೇ ಟೆಂಪೋ ಬರುತ್ತದೆ. ಅದಕ್ಕೆ ಮೊದಲು ಮಂಗಳಗೌರಿ, ಬಾಗಿಲಲ್ಲಿ ಟೀ ಕುಡಿಯುತ್ತ ಕೂತ ತಾಯಿ ಭೀಮಕ್ಕನನ್ನು ಎಂದಿನ ಪ್ರಶ್ನೆ ಕೇಳುತ್ತಾರೆ.

“ಅವ್ವ, ಇದಾದ್ರೂ ಕುರಿಯಾ?”

“ತಗಡು ಕಣೆ.”

ಭೀಮಕ್ಕ ಲೋಟದಿಂದ ತಲೆ ಎತ್ತುವುದಿಲ್ಲ. ಮಾಡಿದ ಪ್ರತಿ ಕುರಿಗೂ ಇದೇ ಉತ್ತರ.

ಮಂಗಳಗೌರಿ ಕಳ್ಳಂಬೆಳ್ಳದ ಕಡೆಯವರು, ಕುರಿ ಹಿಂಡಿನ ಹಿಂದೆಯೇ ಬೆಳೆದವರು. ಕುರಿ ಕೊಳ್ಳುವವರು ಪಕ್ಕೆಲುಬಿನ ಹಿಂದೆ ಬೆನ್ನು ಒತ್ತಿ ನೋಡುತ್ತಾರೆ. ಮೂಳೆ ಚುಚ್ಚಿದರೆ ಬಡಕಲು. ಸಂತೆಗೆ ಹೊಡೆಯುವ ಮುನ್ನ ಆ ಪರೀಕ್ಷೆ ಮನೆಯಲ್ಲೇ ಆಗಬೇಕಿತ್ತು, ಅದು ಭೀಮಕ್ಕನ ಕೆಲಸವಾಗಿತ್ತು. ಅವರು ಸೈ ಅಂದರಷ್ಟೇ ತಂದೆ ಕ್ಯಾತಣ್ಣ ಕುರಿ ಹೊರಡಿಸುತ್ತಿದ್ದರು. ಕ್ಯಾತಣ್ಣ ತೀರಿಕೊಂಡ ಮೇಲೆ ಹಿಂಡು ಮಾರಾಟವಾಯಿತು. ಭೀಮಕ್ಕ ಮಗಳ ಮನೆಗೆ ಬಂದರು. ಅಂದಿನಿಂದ ಅವರು ಕುರಿ ಮುಟ್ಟಿಲ್ಲ. ರಸ್ತೆಯಲ್ಲಿ ಹಿಂಡು ಹೋದರೆ ಎದ್ದು ಒಳಗೆ ಹೋಗುತ್ತಾರೆ.

“ಮಾತೇ ನಿಂತೋಗಿತ್ತು ನಮ್ಮವ್ವಂದು. ಉಳಿದಿದ್ ತಗಡಲ್ಲಿ ಒಂದು ಕುರಿ ಮಾಡಾನ, ನೋಡಿ ಏನಾರ ಅಂದೀತು ಅನ್ಕೊಂಡೆ” ಎನ್ನುತ್ತಾರೆ ಮಂಗಳಗೌರಿ. ಶೆಡ್ಡು ನಡೆಸುವ ಗಂಡ ಚಿಕ್ಕರಾಜುವಿಗೆ ತಗಡಿನ ಇನ್ನೊಂದು ತುದಿ ಹಿಡಿದುಕೊಡುತ್ತಲೇ ಅವರು ವೆಲ್ಡಿಂಗ್ ಕಲಿತಿದ್ದರು. ಆದರೆ ತಗಡು ದುಂಡಗೆ ಬಾಗಲಿಲ್ಲ, ಮುದುಡಿತು. ಶಾಲೆಯ ಗೇಟಿಗೆ ಬೆಸುಗೆ ಹಾಕಿಸಲು ಬಂದಿದ್ದ ಚಿತ್ರಕಲಾ ಶಿಕ್ಷಕಿ ಲೋಹಿತಾ ಅದನ್ನು ನೋಡಿ ಮೊಬೈಲಿನಲ್ಲಿ ಕೆಲವು ಚಿತ್ರ ತೋರಿಸಿದರು. ಮೈಯನ್ನು ಚಪ್ಪಟೆ ತುಂಡುಗಳಾಗಿ ಬಿಡಿಸುವ ಆ ಶೈಲಿಗೆ ಕ್ಯೂಬಿಸಂ ಎಂಬ ಹೆಸರು ಹೇಳಿದರು.

“ಒಂದು ಚಿತ್ರದಾಗೆ ಗೂಳಿ ಮೊಕ ಪಕ್ಕದಿಂದ್ಲೂ ಕಾಣ್ತಿತ್ತು, ಎದುರಿಂದ್ಲೂ ಕಾಣ್ತಿತ್ತು. ಅಯ್ಯೋ, ದೊಡ್ಡಿಯಾಗೆ ನಿಂತ್ರೆ ಇಂಗೇ ಅಲ್ವಾ ಅನ್ನುಸ್ತು. ಒಂದರ ಬೆನ್ನು, ಇನ್ನೊಂದರ ಮೊಕ, ಮತ್ತೊಂದರ ಹೊಟ್ಟೆ. ಎಲ್ಲಾ ಒಟ್ಗೇ ಮೈಮೇಲೆ ಬತ್ತವೆ.”

ಈಗ ತಿಂಗಳಿಗೆ ಎರಡೋ ಮೂರೋ ಪ್ರಾಣಿ ತಯಾರಾಗುತ್ತವೆ. ಕುರಿಯೇ ಹೆಚ್ಚು, ನಡುನಡುವೆ ನಾಯಿ, ಗೂಳಿ. ಮೈಗೆ ಲಾರಿ ಬಾಡಿಯಲ್ಲಿ ಉಳಿದ ತಗಡು, ಬಣ್ಣಕ್ಕೆ ಲಾರಿಯದೇ ಪೇಂಟು. ಮಂಗಳಗೌರಿಯ ಮಣಿಕಟ್ಟಿನ ತುಂಬ ಕಿಡಿ ಹಾರಿದ ಕಲೆ. ವೆಲ್ಡಿಂಗ್ ಮಾಡಿದ ರಾತ್ರಿ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ. ಕಣ್ಣು ಸರಿಯಾದ ಜಾಗದಲ್ಲಿಲ್ಲ ಎಂದು ಕುರಿ ವಾಪಸು ತಂದವರೂ ಇದ್ದಾರೆ.

“ಏನಕ್ಕಾ, ಈ ಕುರಿಗೆ ಆಕ್ಸಿಡೆಂಟ್ ಆಗೈತಾ?” ಎಂದು ಪಕ್ಕದ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಲು ನಿಂತ ಲಾರಿ ಚಾಲಕನೊಬ್ಬ ಕೇಳುತ್ತಾನೆ.

“ಊಂ ಕಣಣ್ಣ, ನಿನ್ ಲಾರಿಗೇ ಸಿಕ್ಕಿದ್ದು.”

ಉತ್ತರ ಕೊಟ್ಟು ಮಂಗಳಗೌರಿ ಕೈ ತೊಳೆಯಲು ಹಿತ್ತಲಿಗೆ ಹೋಗುತ್ತಾರೆ. ತಿರುಗಿ ಬಂದಾಗ ಬಾಗಿಲಲ್ಲಿ ಟೀ ಲೋಟ ಮಾತ್ರ ಇದೆ. ಭೀಮಕ್ಕ ಕುರಿಯ ಪಕ್ಕ ನಿಂತಿದ್ದಾರೆ. ಎಡಗೈ ಅದರ ದವಡೆಯ ಕೆಳಗೆ, ಬಲಗೈ ಬೆರಳು ಪಕ್ಕೆಯ ಹಿಂದೆ, ಬೆನ್ನಿನ ಮೇಲೆ. ಒಮ್ಮೆ ಒತ್ತುತ್ತಾರೆ. ಸ್ವಲ್ಪ ಮುಂದೆ ಸರಿಸಿ ಮತ್ತೊಮ್ಮೆ ಒತ್ತುತ್ತಾರೆ.

“ಲೇ ಗೌರಿ, ಬೆನ್ನು ಚುಚ್ತದಲ್ಲೇ. ಏನ್ ಮೇವು ಆಕಿದ್ದೆ ಇದುಕ್ಕೆ?”

ಮೂಲೆಯಲ್ಲಿ ತಗಡು ಅಳೆಯುತ್ತಿದ್ದ ಚಿಕ್ಕರಾಜು ನಗಲು ಹೋಗಿ ಮತ್ತೆ ಅಳತೆಗೆ ಬಗ್ಗುತ್ತಾರೆ.

“ಇಂಗಿರೋ ಕುರೀನ ನಿಮ್ಮಪ್ಪ ಸಂತೆಗೆ ಹೊಡೀತಿರ್ಲಿಲ್ಲ” ಎಂದು ಭೀಮಕ್ಕ ಸೆರಗಿಗೆ ಕೈ ಒರೆಸಿಕೊಂಡು ಹೋಗಿ ತಮ್ಮ ಜಾಗದಲ್ಲಿ ಕೂರುತ್ತಾರೆ.

ಮಂಗಳಗೌರಿ ತಾಯಿ ಒತ್ತಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಆರಿದ ಬಣ್ಣದ ಮೇಲೆಯೇ ಗ್ರೈಂಡರ್ ಇಡುತ್ತಾರೆ. ಹೊರಗೆ ಹಾರನ್ ಕೇಳುತ್ತದೆ. ಟೆಂಪೋ ಚಾಲಕ ಅಶ್ವತ್ಥ ಇಣುಕುತ್ತಾರೆ.

“ಅಕ್ಕಾ, ರೆಡಿನಾ?”

“ನಾಳೆ ಬಾರಪ್ಪ. ಕುರಿ ಇನ್ನೂ ಮೈ ತುಂಬಿಲ್ಲ” ಎನ್ನುತ್ತಾರೆ ಮಂಗಳಗೌರಿ. “ನಮ್ಮವ್ವ ಕಳುಸ್ಬ್ಯಾಡ ಅಂತೈತೆ.”