ರಾಗಿಕಲ್ಲಿನಡಿಯ ವಾಲ್ವು

ರಾಮನಗರದಿಂದ ಕೈಲಾಂಚಕ್ಕೆ ಹೋಗುವ ದಾರಿಯಲ್ಲಿ, ಪೇಟೆ ಮುಗಿಯಿತೋ ಇಲ್ಲವೋ ಎಂದು ಅನುಮಾನ ಬರುವ ಕಡೆ, ಕಲ್ಲುಬಾವಿ ಎಂಬ ಊರಿದೆ. ಆ ಊರಿಗೆ ನೀರು ಬಿಡುವವಳು ಬೋರಮ್ಮ. ಅವಳ ಕೈಯಲ್ಲಿ ಸದಾ ಎದೆಮಟ್ಟದ ಒಂದು ಕಬ್ಬಿಣದ ಕೀ ಇರುತ್ತದೆ. ಮೇಲ್ತುದಿಗೆ ಅಡ್ಡ ಹಿಡಿ, ಕೆಳತುದಿಗೆ ಚೌಕಾಕಾರದ ಬಾಯಿ. ಅದನ್ನು ನೆಲದಡಿಯ ವಾಲ್ವಿನ ತಲೆಗೆ ಕೂರಿಸಿ ತಿರುಗಿಸಿದರೆ ಒಂದು ಬೀದಿಯ ನಲ್ಲಿಗಳೆಲ್ಲ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನೀರು ಸುರಿಸಲು ಶುರುಮಾಡುತ್ತವೆ.

ಕೀ ಅವಳ ಗಂಡ ಚೆಲುವಯ್ಯನದು. ಪಂಚಾಯ್ತಿ ಕಾಲದಲ್ಲಿ ಊರಿಗೆ ಪೈಪು ಎಳೆದಾಗ ನೀರುಗಂಟಿಯಾಗಿದ್ದವನು ಅವನೇ. ಯಾವ ಬೀದಿಗೆ ಎಷ್ಟು ಸುತ್ತು ಎಂಬುದು ಅವನ ಬಾಯಿಲೆಕ್ಕ. ಗುಡಿಬೀದಿಗೆ ಒಂಬತ್ತು, ಶಾಲೆಯ ಹಿಂದುಗಡೆಗೆ ಏಳು, ದಿಬ್ಬದ ಮನೆಗಳಿಗೆ ಹದಿನಾಲ್ಕು. ಸಾಯುವ ಮುಂಚಿನ ಎರಡು ವರ್ಷ ಮಂಡಿನೋವಿನಿಂದ ಅವನು ಜಗಲಿ ಹಿಡಿದಾಗ ಆ ಲೆಕ್ಕವನ್ನು ಹೆಂಡತಿಯ ಬಾಯಿಗೆ ಹಾಕಿ ಹೋದ. ಊರು ನಗರಸಭೆಗೆ ಸೇರಿದ ಮೇಲೂ ದಿನಗೂಲಿಯ ಮೇಲೆ ಅವಳನ್ನೇ ಉಳಿಸಿಕೊಂಡರು. ಸುತ್ತಿನ ಲೆಕ್ಕ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಹೆಂಗಸರು ಅವಳ ಬಾಗಿಲಿಗೆ ಬರುತ್ತಿದ್ದರು. ಬೋರವ್ವ, ನಾಳೆ ನಮ್ಮನೇಲಿ ಶಾಸ್ತ್ರ ಐತೆ, ಒಸಿ ಬೇಗ ಬುಡು. ಬೋರವ್ವ, ಕೂಸು ಹುಟ್ಟೈತೆ, ಒಸಿ ಹೆಚ್ಚಿಗೆ ಬುಡು. ಅವಳು ಮುಖ ಗಂಟುಹಾಕಿಕೊಂಡೇ ಕೇಳಿಸಿಕೊಳ್ಳುತ್ತಿದ್ದಳು, ಆಮೇಲೆ ಬಿಡುತ್ತಿದ್ದಳು. ಮದುವೆಮನೆಯ ಮೊದಲ ಪಂಕ್ತಿಯಲ್ಲಿ ಅವಳಿಗೊಂದು ಎಲೆ ಇದ್ದೇ ಇರುತ್ತಿತ್ತು.

ಊರಿನ ಕೆಳಗಿನ ತುದಿಯಲ್ಲಿ ರೀಲರ್ ಬೀದಿ. ರೇಷ್ಮೆಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚುವ ಮೂವತ್ತನಾಲ್ಕು ಮನೆಗಳು. ಅದರ ಕೊನೆಯ ಮನೆ ಸಮದ್‌ನದು, ಅವನ ಹೆಂಡತಿ ಅಖ್ತರಿ. ಬೋರಮ್ಮನೂ ಅಖ್ತರಿಯೂ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಗೂಡು ಬೇಯಿಸುವವರಿಗೆ ಮುಂಜಾನೆಯೇ ನೀರು ಬೇಕು. ಹಾಗಾಗಿ ಊರಿಗೆಲ್ಲ ಮೊದಲು ನೀರು ಸಿಗುತ್ತಿದ್ದುದು ಆ ಬೀದಿಗೆ. ರಂಜಾನ್ ತಿಂಗಳಲ್ಲಿ ಅದಕ್ಕೂ ಒಂದು ಗಂಟೆ ಮುಂಚೆ, ಯಾರೂ ಕೇಳದೆಯೇ.

ಆ ಬೀದಿಯ ವಾಲ್ವು ಎಲ್ಲ ವಾಲ್ವುಗಳಂತಲ್ಲ. ಒಂದು ಬಿರುಬೇಸಿಗೆಯಲ್ಲಿ ಮೇಲಿನ ಬೀದಿಯ ಗಂಡಸರು ಇಕ್ಕಳ ಹಿಡಿದು ಹೋಗಿ ಅದನ್ನು ಮುಚ್ಚಿ, ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಚೆಲುವಯ್ಯ ಜಗಳಕ್ಕೆ ಹೋಗಲಿಲ್ಲ. ಮಾರನೆಯ ದಿನ ಮನೆಯ ಹಳೇ ರಾಗಿಕಲ್ಲಿನ ಮೇಲ್ಭಾಗವನ್ನು ಉರುಳಿಸಿಕೊಂಡು ಬಂದು, ಹೊಂಗೆಮರದ ಬುಡದಲ್ಲಿದ್ದ ಆ ವಾಲ್ವಿನ ಮೇಲೆ ಕೂರಿಸಿ, ಸುತ್ತ ಮಣ್ಣು ಮೆತ್ತಿದ. ರಾಗಿ ಹಾಕುವ ಕಲ್ಲಿನ ಬಾಯೊಳಗೆ ಇಕ್ಕಳ ಇಳಿಯುತ್ತಿರಲಿಲ್ಲ, ಕೀ ಇಳಿಸಿದರೆ ಸರಿಯಾಗಿ ವಾಲ್ವಿನ ತಲೆಗೆ ಕೂರುತ್ತಿತ್ತು. ನೋಡುವವರಿಗೆ ಅದೊಂದು ಮುರುಕು ಬೀಸುಕಲ್ಲು, ಬಸ್ಸು ಕಾಯುವವರು ಕೂರುವ ಜಾಗ. ಗುಟ್ಟು ಗೊತ್ತಿದ್ದ ಹಳಬರು ಕೆಲವರು ತೀರಿಕೊಂಡರು, ಕೆಲವರು ಜಮೀನು ಮಾರಿ ಪೇಟೆಯೊಳಗೆ ಸೇರಿದರು. ಕೊನೆಗೆ ಅದು ಬೋರಮ್ಮ ಒಬ್ಬಳದೇ ಆಯಿತು. ನಾಲ್ಕೂವರೆಗೆ ಎದ್ದು, ಕಲ್ಲಿನ ಬಾಯಿಗೆ ಕೀ ಇಳಿಸಿ, ಹನ್ನೆರಡು ಸುತ್ತು ಎಣಿಸುವಾಗ ಗಂಡ ಪಕ್ಕದಲ್ಲಿ ನಿಂತಂತೆ ಅವಳಿಗನ್ನಿಸುತ್ತಿತ್ತು.

ಹಿಪ್ಪುನೇರಳೆ ತೋಟಗಳು ಸೈಟುಗಳಾದವು. ಸೈಟುಗಳಲ್ಲಿ ಕಬ್ಬಿಣದ ಮೆಟ್ಟಿಲಿನ ಮೂರಂತಸ್ತಿನ ಬಾಡಿಗೆ ರೂಮುಗಳೆದ್ದವು. ಬಿಡದಿಯ ಕಾರ್ಖಾನೆಗಳಿಗೆ ಹೋಗುವ ಒಡಿಶಾದವರು, ಬಿಹಾರದವರು, ಅಸ್ಸಾಮಿನವರು ಬಂದು ತುಂಬಿದರು. ಏಳೆಂಟು ವರ್ಷದಲ್ಲಿ ಊರು ಎರಡಷ್ಟಾಯಿತು, ಬೀದಿಯ ಮಾತೇ ಬದಲಾಯಿತು.

ಒಂದು ಬೆಳಿಗ್ಗೆ ಬೋರಮ್ಮ ಕೀ ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ರೂಮಿನ ಹೆಂಗಸೊಬ್ಬಳು ಖಾಲಿ ಬಿಂದಿಗೆ ಹಿಡಿದು ಎದುರಿಗೆ ಬಂದಳು. ಬೋರಮ್ಮ ಎಂದಿನಂತೆ ಮುಖ ಗಂಟುಹಾಕಿ, ಅವಳು ಕೇಳಲಿ ಎಂದು ಕಾದಳು. ಹೆಂಗಸು ಅವಳನ್ನು ದಾಟಿ, ಬೀದಿಯುದ್ದಕ್ಕೂ ನಡೆದು, ಅಖ್ತರಿಯ ಬಾಗಿಲಲ್ಲಿ ನಿಂತು ಹಿಂದಿಯಲ್ಲಿ ನೀರಿನ ವಿಷಯ ಕೇಳಿದಳು. ಅಖ್ತರಿ ಮನೆಯ ಉರ್ದುವಿನಲ್ಲಿ ಉತ್ತರ ಹೇಳಿದಳು. ಇಬ್ಬರೂ ನಕ್ಕರು.

ಕೀ ಇಲ್ಲಿ, ಕೇಳುವವರು ಅಲ್ಲಿ. ಬೋರಮ್ಮನ ಹೊಟ್ಟೆಯೊಳಗೆ ಒಂದು ಕೆಂಡ ಬಿದ್ದದ್ದು ಅವತ್ತು.

ಆಮೇಲೆ ಅದಕ್ಕೆ ಸೌದೆ ತಾನಾಗೇ ಒದಗಿತು. ಹೊಸಬರು ಆಸ್ಪತ್ರೆಗೆ ಹೋಗಬೇಕಾದರೆ ಅಖ್ತರಿ, ಮಗುವನ್ನು ಶಾಲೆಗೆ ಸೇರಿಸಬೇಕಾದರೆ ಅಖ್ತರಿ, ರೂಮಿನ ಓನರು ಕಾಟ ಕೊಟ್ಟರೆ ಅಖ್ತರಿ. ಅವಳ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಬೋರಮ್ಮ ಬರುತ್ತಾ ಹೋಗುತ್ತಾ ಎಣಿಸುತ್ತಿದ್ದಳು. ಐದು ಜೊತೆ. ಒಂಬತ್ತು ಜೊತೆ. ತನ್ನ ಬಾಗಿಲಲ್ಲಿ ತನ್ನದೊಂದೇ. ಬಿಸಿನೀರಲ್ಲಿ ಬೆಂದು ಬಿಳಿಚಿಕೊಂಡ ಬೆರಳಿನ ಆ ಹೆಂಗಸಿನಲ್ಲಿ ಏನಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅವಳ ಭಾಷೆ ಅವಳು ಕಷ್ಟಪಟ್ಟು ಕಲಿತದ್ದೇನಲ್ಲ, ಹುಟ್ಟಿನಿಂದ ಬಂದದ್ದು. ಅದು ಇವತ್ತು ಬೆಲೆಬಾಳುತ್ತಿದೆ, ನನ್ನದು ಬಾಳುತ್ತಿಲ್ಲ. ಆ ಅನ್ಯಾಯಕ್ಕೆ ಯಾರನ್ನು ಬೈಯುವುದು ಎಂದು ತಿಳಿಯದೆ ಬೋರಮ್ಮ ವಾಲ್ವಿನ ಮೇಲೆ ತೀರಿಸಿಕೊಂಡಳು. ಹನ್ನೆರಡು ಸುತ್ತಿನಲ್ಲಿ ಒಂದು ಕಡಿಮೆ ಮಾಡಿದಳು. ಹಾಗೆ ಮಾಡಿದರೆ ಬೀದಿಗೆಲ್ಲ ನೀರು ಸರಿಯಾಗೇ ಬರುತ್ತದೆ, ಕೊನೆಯ ಮನೆಯ ನಲ್ಲಿ ಮಾತ್ರ ಸಣ್ಣಗಾಗುತ್ತದೆ.

ಅಖ್ತರಿ ಏನೂ ಕೇಳಲಿಲ್ಲ. ಕೇಳಿದ್ದರೆ ಬೋರಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹೀಗಿರುವಾಗ ಕಲ್ಲುಬಾವಿಯನ್ನು ಹೊಸದಾಗಿ ರೂಪಿಸುವ ಯೋಜನೆಯವರು ಬಂದರು. ಜನ ಹೆಚ್ಚಿದ್ದಾರೆ, ರಸ್ತೆ ಅಗಲವಾಗಬೇಕು, ಆರೋಗ್ಯ ಕೇಂದ್ರ ಬೇಕು, ಉದ್ಯಾನ ಬೇಕು ಎಂದು ಶಾಲೆಯಲ್ಲಿ ಸಭೆ ಸೇರಿಸಿದರು. ಮುಖ್ಯಸ್ಥರು ಅನಂತರಾಜು ಎಂಬ ಅಧಿಕಾರಿ. ಜೊತೆಗೆ ರಮ್ಯಾ ಎಂಬ ಹುಡುಗಿ, ನಕ್ಷೆ ಮಾಡುವವಳು. ಹಳಬರಿಗೂ ಹೊಸಬರಿಗೂ ಸೇರಿ ಊರಿನ ಪರವಾಗಿ ಮಾತಾಡಲು ಒಬ್ಬರು ಬೇಕು ಎಂದು ಅನಂತರಾಜು ಹೇಳಿದಾಗ ಎಲ್ಲ ಬಾಯಿಂದಲೂ ಅಖ್ತರಿಯ ಹೆಸರೇ ಬಂತು. ಮೇಲಿನ ಬೀದಿಯ ಗೌಡರ ಬಾಯಿಂದಲೂ. ಅಖ್ತರಿ ಎದ್ದು, ಬೋರಕ್ಕನೂ ಇರಲಿ ಎಂದಳು. ಅಧಿಕಾರಿ ನಗುತ್ತಾ, ಅವರಿಗೆ ನೀರು ಬಿಡುವ ಕೆಲಸ ಇದೆಯಲ್ಲ ಎಂದರು. ಸಭೆಯೂ ನಕ್ಕಿತು. ಬೋರಮ್ಮನಿಗೆ ಅಧಿಕಾರಿಯ ನಗುವಿಗಿಂತ ಹೆಚ್ಚು ಚುಚ್ಚಿದ್ದು ಅಖ್ತರಿಯ ಆ ಮಾತು. ಅವಳು ತನಗೆ ಭಿಕ್ಷೆ ಹಾಕಿದಳು.

ಮರುದಿನ ರಮ್ಯಾ ವಾಲ್ವುಗಳನ್ನು ಗುರುತು ಹಾಕಿಕೊಳ್ಳಲು ಬಂದಳು. ಬೋರಮ್ಮ ಒಂದೊಂದಾಗಿ ಹನ್ನೊಂದು ತೋರಿಸಿದಳು. ಹುಡುಗಿ ಟ್ಯಾಬ್‌ನಲ್ಲಿ ಪ್ರತಿಯೊಂದರ ಫೋಟೋ ತೆಗೆದು, ಸುತ್ತಿನ ಲೆಕ್ಕವನ್ನೂ ಬರೆದುಕೊಂಡಳು. ನಲವತ್ತು ನಿಮಿಷದಲ್ಲಿ ಚೆಲುವಯ್ಯನ ಇಡೀ ಬಾಳು ಆ ಹುಡುಗಿಯ ಕೈಯ ಗಾಜಿನ ಹಲಗೆಯೊಳಗೆ ಹೋಯಿತು. ಬಿಸಿಲಿಗೆ ಇಬ್ಬರೂ ಹೊಂಗೆಮರದಡಿ ಬಂದರು. ಬೋರಮ್ಮ ರಾಗಿಕಲ್ಲಿನ ಮೇಲೆ ಕೂತಳು.

“ರೀಲರ್ ಬೀದಿಗೆ ಎಲ್ಲಿಂದಮ್ಮ ನೀರು?”

“ಅದಾ? ಅವ್ರೇ ಕೊರೆಸ್ಕೊಂಡಿರೋ ಬೋರ್‌ವೆಲ್ ಕಣವ್ವ. ಊರ್ ನೀರಲ್ಲ.”

ಬೀದಿಯ ತುದಿಯಲ್ಲಿ ರೀಲರುಗಳ ಹಳೆಯ ಬೋರ್‌ವೆಲ್ ಒಂದಿತ್ತು, ಬತ್ತಿ ಎಷ್ಟೋ ಕಾಲವಾಗಿತ್ತು. ರಮ್ಯಾ ಅದನ್ನು ದೂರದಿಂದ ನೋಡಿ ಬರೆದುಕೊಂಡಳು. ಒಂದಾದರೂ ನನ್ನದಾಗಿ ಉಳಿಯಲಿ ಎಂದಷ್ಟೇ ಬೋರಮ್ಮ ಅಂದುಕೊಂಡದ್ದು. ಅಖ್ತರಿ ಊರಿಗೆಲ್ಲ ದೊಡ್ಡವಳಾಗಲಿ, ಅವಳ ನಲ್ಲಿಗೆ ಮಾತ್ರ ನಾನೇ ಬೇಕು.

ಎರಡು ತಿಂಗಳ ಮೇಲೆ ಕರಡು ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿದರು. ಆಕ್ಷೇಪಣೆಗೆ ಮೂವತ್ತು ದಿನ. ಅಖ್ತರಿ ಬೋರಮ್ಮನ ಮನೆಗೆ ಬಂದು, ನನಗೆ ಕನ್ನಡ ಓದಕ್ಕೆ ಬರಲ್ಲ ಬೋರಕ್ಕ, ನೀನು ಬಾ ಎಂದು ಕರೆದಳು. ನಾಲ್ಕನೇ ಕ್ಲಾಸು ಓದಿದ್ದ ಬೋರಮ್ಮ, ಇದೊಂದು ಇವಳಿಗೆ ಬರದಲ್ಲ ಎಂದು ಒಳಗೊಳಗೇ ಹಿಗ್ಗಿ, ಒಗೆದ ಸೀರೆಯುಟ್ಟು ಹೊರಟಳು.

ನಕ್ಷೆಯ ತುಂಬ ಹಳದಿ. ಮನೆಗಳಿರುವ ಕಡೆಯೆಲ್ಲ ಹಳದಿ. ಕೆಳಗಿನ ತುದಿಯಲ್ಲಿ ಮಾತ್ರ ಹಸಿರು. ಅಖ್ತರಿ ಅದರ ಮೇಲೆ ಬೆರಳಿಟ್ಟು, ನಮ್ಮ ಬೀದಿಗೆ ಎಷ್ಟು ಚೆಂದದ ಬಣ್ಣ ಕೊಟ್ಟಿದ್ದಾರೆ ನೋಡು ಎಂದಳು. ಬೋರಮ್ಮ ಅಕ್ಷರ ಕೂಡಿಸಿ ಓದಿದಳು. ಉದ್ಯಾನ. ಊರ ನೀರಿನ ಸಂಪರ್ಕವಿಲ್ಲದ ಅತಿಕ್ರಮಣ ಜಾಗ. ಇನ್ನೊಮ್ಮೆ ಓದಿದಳು.

“ಏನ್ ಬರ್ದವ್ರೆ?”

“ಪಾರ್ಕು ಅಂತೆ.”

“ನಮ್ ಬೀದೀಲಾ? ಮಕ್ಳು ಆಡ್ಕೊಳ್ಳಿ ಬಿಡು.”

“ಬೀದೀಲಲ್ಲ ಕಣೆ,” ಎಂದಳು ಬೋರಮ್ಮ. “ಬೀದಿ ಬದ್ಲಿಗೆ.”

ಅಖ್ತರಿ ಅನಂತರಾಜು ಅವರ ಬಳಿಗೆ ಓಡಿದಳು. ಅವರು ಕೆಟ್ಟವರಲ್ಲ, ಕೂರಿಸಿ ವಿವರಿಸಿದರು. ರೀಲರ್ ಬೀದಿಯ ಮನೆಗಳಿಗೆ ಹಕ್ಕುಪತ್ರವಿಲ್ಲ. ಆದರೆ ಪಂಚಾಯ್ತಿ ಕಾಲದಲ್ಲೇ ಊರ ನೀರು ಹರಿದಿದ್ದ ಬೀದಿಯನ್ನು ಈ ಯೋಜನೆಯಲ್ಲಿ ಊರೆಂದೇ ಎಣಿಸುತ್ತಾರೆ. ಅದಕ್ಕೆ ದಾಖಲೆ ಬೇಕು. ಹಳೆಯ ಕಡತ ಸಿಕ್ಕಿಲ್ಲ. ಸ್ಥಳದಲ್ಲಿ ವಿಚಾರಿಸಿದಾಗ ಬೋರ್‌ವೆಲ್ ಎಂದು ತಿಳಿದುಬಂದಿದೆ. ಮೂವತ್ತನಾಲ್ಕು ಮನೆಗೂ ಮಾಗಡಿ ದಾರಿಯಲ್ಲಿ ಬೇರೆ ಜಾಗ ಕೊಡುತ್ತಾರೆ. ಸಮದ್‌ಗೆ ಅದನ್ನು ಕೇಳಿ ನಗು ಬಂತಂತೆ. ಗೂಡಿನ ಮಾರುಕಟ್ಟೆ ಇಲ್ಲಿ, ನೂಲು ಕೊಳ್ಳುವವರು ಇಲ್ಲಿ. ಒಲೆ, ಚರಕ ಹೊತ್ತುಕೊಂಡು ಅಲ್ಲಿ ಹೋಗಿ ಯಾರಿಗೆ ನೂಲು ಬಿಚ್ಚುವುದು?

ಆ ವಾರ ಅಖ್ತರಿಯ ಬಾಗಿಲಲ್ಲಿ ಇಡೀ ಬೀದಿಯ ಚಪ್ಪಲಿಗಳಿದ್ದವು. ಬೋರಮ್ಮ ಅದನ್ನೂ ಎಣಿಸಿದಳು. ಅವರ ಸಂಕಟದ ಹೊತ್ತಿನಲ್ಲೂ ತನಗೆ ಬಂದದ್ದು ಹೊಟ್ಟೆಕಿಚ್ಚೇ ಎಂಬುದು ಗೊತ್ತಾಗಿ, ತನ್ನ ಬಗ್ಗೆ ತನಗೇ ಭಯವಾಯಿತು. ಅಖ್ತರಿ ಬಂದು ಕಾಲು ಹಿಡಿಯಲಿ, ಬೋರಕ್ಕ ನೀನೇ ಗತಿ ಎನ್ನಲಿ, ಆಗ ಹೇಳುತ್ತೇನೆ ಎಂದು ಕಾದಳು. ಜಗಲಿಯಲ್ಲಿ ಕೂತೇ ಕಾದಳು. ಅಖ್ತರಿ ಬರಲಿಲ್ಲ. ತಾನಾಗಿ ಹೋಗಿ ಹೇಳೋಣವೆಂದರೆ, ಸುಳ್ಳು ಹೇಳಿದವಳ ಕೈಯಲ್ಲಿ ಕೀ ಉಳಿಯುತ್ತದೆಯೇ?

ಆಕ್ಷೇಪಣೆ ಕೇಳುವ ದಿನ ಶಾಲೆ ತುಂಬಿತ್ತು. ಅಖ್ತರಿ ಎದ್ದು ನಿಂತು, ನಮ್ಮದೂ ಊರೇ ಸಾರ್, ಮೂವತ್ತು ವರ್ಷದಿಂದ ಊರ ನೀರೇ ಕುಡಿದಿದ್ದೇವೆ ಎಂದಳು. ಅನಂತರಾಜು ಪುರಾವೆ ಕೇಳಿದರು. ಅಖ್ತರಿ ಒಮ್ಮೆ ಬೋರಮ್ಮನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯೂ ಇರಲಿಲ್ಲ, ದೂರೂ ಇರಲಿಲ್ಲ. ಮತ್ತೆ ಮುಖ ತಿರುಗಿಸಿಕೊಂಡಳು.

“ನನ್ ಹತ್ರ ಇಲ್ಲ ಸಾರ್,” ಎಂದಳು.

“ನನ್ ತಾವ ಐತೆ,” ಎಂದಳು ಬೋರಮ್ಮ.

ಎಲ್ಲರೂ ಅವಳ ಹಿಂದೆ ಹೊಂಗೆಮರದ ತನಕ ನಡೆದರು. ಕಲ್ಲಿನ ಮೇಲೆ ಮೊಬೈಲು ನೋಡುತ್ತಾ ಕೂತಿದ್ದವನನ್ನು ಎಬ್ಬಿಸಿ, ಅವಳು ಕಲ್ಲಿನ ಬಾಯೊಳಗೆ ಕೀ ಇಳಿಸಿದಳು. ಎಲ್ಲರಿಗೂ ಕೇಳುವಂತೆ ಎಣಿಸಿದಳು. ಹನ್ನೊಂದಕ್ಕೆ ಕೈ ತಡೆಯಿತು. ಹನ್ನೆರಡು. ಕೆಳಗಿನ ಬೀದಿಯಲ್ಲಿ ನಲ್ಲಿಗಳು ಕೆಮ್ಮಿದವು. ಯಾರೋ, ಮಟಮಟ ಮಧ್ಯಾಹ್ನ ನೀರು ಬಂತಲ್ಲ ಎಂದು ಕೂಗಿದರು. ನಾಲ್ಕು ಜನ ಸೇರಿ ಕಲ್ಲು ಸರಿಸಿದರು. ವಾಲ್ವಿನ ಸುತ್ತಿನ ಗುಂಡಿಯ ಗಾರೆಯಲ್ಲಿ, ಹಸಿಯಾಗಿದ್ದಾಗ ಮೊಳೆಯಿಂದ ಗೀಚಿದ ಅಕ್ಷರಗಳಿದ್ದವು: ಗ್ರಾ. ಪಂ. 1997. ಚೆಲುವಯ್ಯನ ಕೈಬರಹ. ಬೋರಮ್ಮ ಸೆರಗಿನಿಂದ ಅದರ ಮಣ್ಣು ಒರೆಸಿದಳು.

ರಮ್ಯಾ ಫೋಟೋ ತೆಗೆದಳು. ಅನಂತರಾಜು ಮೆಲ್ಲಗೆ ಕೇಳಿದರು.

“ಬೋರ್‌ವೆಲ್ ಅಂತ ಯಾಕೆ ಹೇಳಿದ್ರಿ?”

“ಹೊಟ್ಟೆಕಿಚ್ಚು ಸಾರ್.”

ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ತಿಳಿಯದೆ ರಮ್ಯಾ ಅಧಿಕಾರಿಯ ಮುಖ ನೋಡಿದಳು. ಅನಂತರಾಜು, ಒಂದು ವಾಲ್ವು ನೆನಪಿಗೆ ಬಂದಿರಲಿಲ್ಲ ಎಂದು ಬರೆದುಕೋ ಎಂದರು.

ಜನ ಕರಗಿದ ಮೇಲೆ ಬೋರಮ್ಮ, ಅಖ್ತರಿ ಇಬ್ಬರೇ ಉಳಿದರು.

“ನಿಂಗೆ ಗೊತ್ತಿತ್ತಾ ಈ ಕಲ್ಲು?” ಬೋರಮ್ಮ ಕೇಳಿದಳು.

“ನಮಾಜಿಗೆ ಏಳೋಳು ನಾನು. ಇಪ್ಪತ್ತು ವರ್ಸದಿಂದ ನೋಡ್ತಾ ಇದೀನಿ. ಒಂದ್ ಸುತ್ತು ಕಮ್ಮಿ ಮಾಡಿದ್ದೂ ಗೊತ್ತು ಬೋರಕ್ಕ.”

“ಮತ್ಯಾಕ್ ಬಾಯ್ ಬುಡ್ಲಿಲ್ಲ?”

“ನಾನ್ ಹೇಳಿದ್ರೆ ನೀನು ಸುಳ್ಳಿ ಆಗ್ತಿದ್ದೆ. ಚೆಲುವಣ್ಣನ ಕೀ ಕಿತ್ಕೊಂತಿದ್ರು.” ಅಖ್ತರಿ ಸೆರಗು ಕೊಡವಿಕೊಂಡಳು. “ನೀನಾಗೇ ಹೇಳ್ತೀಯ ಅಂತ ಕಾದೆ. ಇವತ್ತೂ ನೀನ್ ಹೇಳ್ದೇ ಹೋಗಿದ್ರೆ ನಾಳೆ ಹೇಳ್ತಿದ್ನೋ ಏನೋ. ಮೂವತ್ನಾಕು ಮನೆ ನೋಡು.”

ಈಗ ನಕ್ಷೆಯಲ್ಲಿ ಕೆಳಗಿನ ತುದಿಯೂ ಹಳದಿ. ಉದ್ಯಾನ ಕೆರೆಯಂಗಳದ ಕಡೆ ಹೋಗಿದೆ. ರಾಗಿಕಲ್ಲಿನ ಮೇಲೆ ನೀಲಿ ಬಣ್ಣದಲ್ಲಿ ಹನ್ನೆರಡನೆಯ ನಂಬರು ಬಿದ್ದಿದೆ. ಅದರಡಿ ಏನಿದೆ ಎಂಬುದು ಮೊನ್ನೆ ಬಂದ ಬಾಡಿಗೆಯವರಿಗೂ ಗೊತ್ತು. ಕೀ ಬೋರಮ್ಮನ ಬಳಿಯೇ ಇದೆ. ನೀರು ಕೇಳುವವರು ಮಾತ್ರ ಈಗಲೂ ಅಖ್ತರಿಯ ಬಾಗಿಲಿಗೇ ಹೋಗುತ್ತಾರೆ.

ಸಭೆಯ ಮಾರನೆಯ ಮುಂಜಾನೆ ನಾಲ್ಕೂವರೆಗೆ ಬೋರಮ್ಮ ಕಲ್ಲಿನ ಬಾಯಿಗೆ ಕೀ ಇಳಿಸಿದಳು. ಬೀದಿಯ ಕೊನೆಯ ಮನೆಯಲ್ಲಿ ದೀಪವಿತ್ತು. ಹನ್ನೊಂದು ಸುತ್ತಾದ ಮೇಲೆ ಕೈ ತಾನಾಗೇ ನಿಂತಿತು. ಮಾತಿನಲ್ಲಿ ಅಖ್ತರಿ ಮುಂದೆ, ಮರ್ಯಾದೆಯಲ್ಲಿ ಮುಂದೆ. ಒಳ್ಳೆಯತನದಲ್ಲಾದರೂ ಸರಿಸಮ ಇದ್ದೇವೆಂದರೆ, ಅದರಲ್ಲೂ ಅವಳೇ ಮುಂದೆ ಹೋಗಿ ಕೂತಿದ್ದಳು. ಇದನ್ನು ಸಹಿಸುವುದು ಉಳಿದೆಲ್ಲಕ್ಕಿಂತ ಕಷ್ಟವಾಗಿತ್ತು. ತುಕ್ಕು ಹಿಡಿದ ವಾಲ್ವನ್ನು ತಿರುಗಿಸುವವಳ ಹಾಗೆ ಹಲ್ಲು ಕಚ್ಚಿ, ಎರಡೂ ಕೈ ಹಾಕಿ, ಬೋರಮ್ಮ ಹನ್ನೆರಡನೆಯ ಸುತ್ತು ತಿರುಗಿಸಿದಳು.